ಹಳೇ ಗಾಲಿ ಮತ್ತು ಜಬರಿಲ್ಲದ ಚೀಟಿ

ಶಹಾಬಜಾರ, ಕಲಬುರಗಿ
ಆಷಾಢ ಮಾಸ, 1953

ಕಮಲಾಪುರದ ನೀಲಕಂಠ ಮಾಸ್ತರರಿಗೆ, ನನ್ನ ಅಕ್ಕನ ಗಂಡನಿಗೆ, ಐದು ವರ್ಷದಿಂದ ನನ್ನ ಮನೆಯ ನೀರು ಮುಟ್ಟದ ಭಾವನಿಗೆ, ಸಾಯಬಣ್ಣನ ಶರಣಾರ್ಥಿ.

ಭಾವ, ಈ ಕಾಗದವನ್ನು ಒಲೆಗೆ ಹಾಕುವ ಮೊದಲು ಒಮ್ಮೆ ಓದಿ. ಹಿಂದಿನ ನಾಲ್ಕು ಕಾಗದಗಳಿಂದ ನಿಮ್ಮ ಮನೆಯಲ್ಲಿ ಸ್ನಾನದ ನೀರು ಕಾಯಿತೆಂದು ಬಾಳೆಹಣ್ಣಿನ ಬಂಡಿಯ ನಾಗಣ್ಣ ಹೇಳಿದ್ದಾನೆ. ಅವು ನಾವಿಬ್ಬರೂ ಸಾಲಿಯಲ್ಲಿ ಕಲಿತ ಉರ್ದು ಲಿಪಿಯಲ್ಲಿದ್ದವು. ಇದು ಕನ್ನಡದ ಅಕ್ಷರದಲ್ಲಿದೆ. ಮೂರು ದಿನದಿಂದ ಬರೆಯುತ್ತಿದ್ದೇನೆ. ದಿನವಿಡೀ ಸೈಕಲ್ ಗಾಲಿಗೆ ಕಡ್ಡಿ ಬಿಗಿದರೂ ನೋಯದ ಬೆರಳುಗಳು ನಾಲ್ಕು ಸಾಲು ಬರೆಯುವುದರಲ್ಲಿ ನೋಯುತ್ತವೆ. ನನ್ನ ಹೆಂಡತಿ ಲಲಿತಾಬಾಯಿ ವಿಜಾಪುರದ ಕಡೆಯವಳು. ಆ ಸೀಮೆಯಲ್ಲಿ ನಿಜಾಮರ ಆಳಿಕೆ ಇರಲಿಲ್ಲವಾದ್ದರಿಂದ ಕನ್ನಡ ಸಾಲಿಯಲ್ಲಿ ನಾಲ್ಕು ಇಯತ್ತೆ ಓದಿದ್ದಾಳೆ. ಪಕ್ಕದಲ್ಲಿ ಕುಳಿತು ಸಾಲು ಸಾಲಿಗೂ ತಪ್ಪು ಹಿಡಿಯುತ್ತಾಳೆ. "ಒತ್ತು ಎಲ್ಲಿ ಹೋತ್ರಿ? ನುಂಗಿದ್ರೇನು?" ಎನ್ನುತ್ತಾಳೆ. ಮೂವತ್ತೆರಡನೆಯ ವಯಸ್ಸಿನಲ್ಲಿ ಹೆಂಡತಿಗೆ ಕಾಗುಣಿತ ಒಪ್ಪಿಸುವ ಪಾಡು ಯಾರಿಗೂ ಬೇಡ.

ಆದರೂ ಬರೆಯುತ್ತಿದ್ದೇನೆ, ಯಾಕೆಂದರೆ ನಿಮ್ಮ ಗಾಲಿಗಳು ವಾಪಸು ಬಂದಿವೆ.

ಹೌದು, ಅವೇ. ನಿಮ್ಮ ಮದುವೆಯಲ್ಲಿ ನಮ್ಮ ಅಪ್ಪ ಕೊಟ್ಟ ಇಂಗ್ಲಿಷ್ ಸೈಕಲ್ಲಿನ ಗಾಲಿಗಳು. ನಿಜಾಮರ ಆಳಿಕೆ ಮುಗಿಸಿದ ಪೊಲೀಸ್ ಆಕ್ಷನ್ ಆದ ವಾರ ನಾನು ದರ್ಜಿ ಚಾಂದಪಾಶಾನಿಗೆ ಕೊಟ್ಟುಬಿಟ್ಟ ಗಾಲಿಗಳು. ಅವನ ಹೆಂಡತಿಯ ಅಣ್ಣ ಜಹಾಂಗೀರ್ ಹೋದ ಗುರುವಾರ ಶಹಾಬಾದಿನಿಂದ ರೈಲಿನಲ್ಲಿ ತಂದು ನನ್ನ ಅಂಗಡಿಯ ಕಟ್ಟೆಯ ಮೇಲಿಟ್ಟ. ಗೋಣಿಚೀಲದ ಬಾಯಿ ಬಿಚ್ಚಿದ ಕೂಡಲೇ ನನಗೆ ಗುರುತು ಹತ್ತಿತು. ನಾನು ಅಂಗಡಿಯಲ್ಲಿ ಕೆಲಸ ಕಲಿಯುತ್ತಿದ್ದಾಗ ಮೊದಲ ಸಲ ಸ್ವಂತವಾಗಿ ಕಟ್ಟಿದ ಜೋಡಿ ಅದು. ಹದಿಮೂರು ವರ್ಷವಾಯಿತು, ಆದರೂ ಗಾಲಿಯ ನಡುವಿನ ಹಬ್ಬಿನ ಮೇಲೆ, ಬಿಗಿಯುತ್ತಿದ್ದ ಪಾನಾ ಜಾರಿ ನಾನು ಮಾಡಿದ ಗೀರು ಹಾಗೇ ಇದೆ.

ಅವುಗಳ ಅವಸ್ಥೆ ಕೇಳಿ. ಮುಂದಿನ ಗಾಲಿಯ ರಿಮ್ಮು ಬೆಸುಗೆಯ ಕಡೆ ಬಾಯಿಬಿಟ್ಟಿದೆ. ಮೂವತ್ತೆರಡು ಕಡ್ಡಿಗಳಲ್ಲಿ ಒಂಬತ್ತು ಇಲ್ಲ, ನಾಲ್ಕು ಯಾವುದೋ ಬೇರೆ ಸೈಕಲ್ಲಿನವು, ಉದ್ದ ಹೆಚ್ಚಾಗಿ ಟ್ಯೂಬಿಗೆ ಚುಚ್ಚುತ್ತವೆ. ಹಿಂದಿನ ಗಾಲಿಯದು ಇನ್ನೊಂದು ಕತೆ. ಶಹಾಬಾದಿನ ಕಲ್ಲುಗಣಿಯ ದಾರಿ ಅದನ್ನು ಒಂದು ಕಡೆ ಚಪ್ಪಟೆ ಮಾಡಿದೆ. ತಿರುಗಿಸಿದರೆ ಸಿಂದಿ ಕುಡಿದವನ ಹಾಗೆ ಆ ಕಡೆಗೊಮ್ಮೆ ಈ ಕಡೆಗೊಮ್ಮೆ ವಾಲುತ್ತದೆ. ನಲವತ್ತು ಕಡ್ಡಿಯೂ ಸಡಿಲ, ಹೆಚ್ಚಿನವು ತುಕ್ಕು. ಹಬ್ಬುಗಳು ಮಾತ್ರ ಗಟ್ಟಿ. ಎಣ್ಣೆ ಬಿಟ್ಟು ಬೆರಳಿನಿಂದ ತಿರುಗಿಸಿದರೆ ಸದ್ದಿಲ್ಲದೆ ತಿರುಗುತ್ತವೆ.

ಬೇರೆ ಗಿರಾಕಿ ತಂದಿದ್ದರೆ ನಾನು ಎರಡನೆಯ ಮಾತಿಲ್ಲದೆ ಹೇಳುತ್ತಿದ್ದೆ, ಬಿಸಾಡಿ, ಹೊಸ ಜೋಡಿ ಹಾಕಿಸಿ ಎಂದು. ಈಗ ಕಡ್ಡಿ ಪೋಣಿಸಿ ಬಿಗಿದ ಗಾಲಿಗಳೇ ಕಾಗದ ಸುತ್ತಿಕೊಂಡು ಮದರಾಸಿನ ಕಡೆಯಿಂದ ಬರುತ್ತವೆ. ಫಳಫಳ ಹೊಳೆಯುತ್ತವೆ. ತಿಂಗಳೊಳಗೆ ಸಡಿಲಾಗುತ್ತವೆ ಎಂದು ನಾನು ಎಷ್ಟು ಬಡಕೊಂಡರೂ ಜನ ಹೊಳಪಿಗೇ ಮರುಳು. ಹಳೆಯದನ್ನು ಬಿಚ್ಚಿ ಕಟ್ಟುವುದೆಂದರೆ ಎರಡು ದಿನದ ಕೆಲಸ, ಅದೂ ರಿಮ್ಮು ಮಾತು ಕೇಳಿದರೆ. ನನಗೆ ಬುದ್ಧಿಯಿದ್ದರೆ ಈ ಚೀಲವನ್ನು ಗುಜರಿಗೆ ಹಾಕಿ, ಹೊಸ ಜೋಡಿಯೊಂದನ್ನು ನಾಗಣ್ಣನ ಬಂಡಿಯಲ್ಲಿ ಇಟ್ಟು ಕಳಿಸಬೇಕು. ಸೋಮವಾರ ಅವನು ಹಣ್ಣು ಇಳಿಸಿ ಖಾಲಿ ಬಂಡಿ ಹೊಡೆದುಕೊಂಡು ನಿಮ್ಮೂರಿಗೆ ಹೊರಡುತ್ತಾನೆ. ಅಷ್ಟರಲ್ಲಿ ಕಟ್ಟುವುದೋ ಬದಲಿಸುವುದೋ ತೀರ್ಮಾನವಾಗಬೇಕು.

ಇದು ಬರೀ ಗಾಲಿಯ ತೀರ್ಮಾನವಲ್ಲ ಎಂದು ನಿಮಗೂ ಗೊತ್ತು. ನೀವು ನಲವತ್ತೆಂಟರ ದಸರೆಗೆ ನನ್ನ ಅಂಗಡಿಯ ಮುಂದೆ ನಿಂತು ಆಡಿದ ಮಾತನ್ನು ಇಡೀ ಶಹಾಬಜಾರ ಕೇಳಿದೆ. "ನನ್ನ ಗಾಲಿ ನನ್ನ ಮನಿಗಿ ಬಂದ ದಿನ ಇವರ ಮಗಳು ಇವರ ಮನಿಗಿ ಬರ್ತಾಳ" ಎಂದಿರಿ. ಆ ವರ್ಷದಿಂದ ಅಕ್ಕ ಪಂಚಮಿಗೆ ತವರಿನ ಹೊಸ್ತಿಲು ತುಳಿದಿಲ್ಲ. ಐದು ಪಂಚಮಿಯಾಯಿತು. ಮೊದಲನೆಯದನ್ನು ಆ ವರ್ಷದ ಗಲಾಟೆ ತಿಂದಿತು, ಉಳಿದ ನಾಲ್ಕನ್ನು ನಾವಿಬ್ಬರು ತಿಂದೆವು. ಅವ್ವ ಪ್ರತಿ ಶ್ರಾವಣಕ್ಕೂ ಅಳ್ಳು ಹುರಿಯುತ್ತಾಳೆ, ಎಳ್ಳಿನ ಉಂಡಿ ಕಟ್ಟುತ್ತಾಳೆ, ಆಮೇಲೆ ನನ್ನನ್ನು ಕರೆದು "ಜೋಕಾಲಿ ಹಗ್ಗ ಕಟ್ಟು, ನಿಮ್ಮಕ್ಕ ಸೂಗವ್ವ ಬಂದರ?" ಎನ್ನುತ್ತಾಳೆ. ನಾನು ತೊಲೆಗೆ ಹಗ್ಗ ಕಟ್ಟುತ್ತೇನೆ. ಮೂರು ದಿನ ಅದು ಹಾಗೇ ತೂಗಾಡುತ್ತದೆ, ನಾಲ್ಕನೆಯ ದಿನ ಬಿಚ್ಚುತ್ತೇನೆ. ಅಕ್ಕನ ಹಟವೇನು ಕಡಿಮೆಯೇ? ಗಂಡ ಕಳಿಸದೆ ಬರಲಾರೆ ಎನ್ನುತ್ತಾಳೆ, ಗಂಡನಿಗೆ ಕಳಿಸು ಎಂದು ಹೇಳಲಾರೆ ಎಂದೂ ಎನ್ನುತ್ತಾಳೆ. ನಿಮ್ಮಿಬ್ಬರ ನಡುವೆ ನನಗೆ ಸಾಕುಸಾಕಾಗಿ ಹೋಗಿದೆ.

ಅವತ್ತು ನಾನು ಹೊಸ ಜೋಡಿ ಕೊಡುತ್ತೇನೆಂದಾಗ ನೀವು ಮುಖ ತಿರುವಿದಿರಿ. ಈಗ ಹಾಗಿಲ್ಲವಂತೆ. ನಾಗಣ್ಣ ಹೇಳುತ್ತಾನೆ, "ಹೊಸಾವು ಒಯ್ದರೂ ಈಗ ತಗೋತಾರ ಸಾಯಬಣ್ಣ. ಮಾಸ್ತರ್‌ಗೂ ಸಾಕಾಗ್ಯಾದ." ಅಂದರೆ ದಾರಿ ಸಲೀಸಾಗಿದೆ. ಹೊಸ ಗಾಲಿ ಹೋಗುತ್ತದೆ, ಅಕ್ಕ ಬರುತ್ತಾಳೆ, ಅವ್ವನ ಜೋಕಾಲಿ ತುಂಬುತ್ತದೆ. ಇಷ್ಟು ಸಲೀಸಾದ ದಾರಿಯಿರುವಾಗ ನನಗೆ ಯಾಕೆ ನಿದ್ದೆ ಬರುತ್ತಿಲ್ಲವೋ ತಿಳಿಯದು.

ತಪ್ಪು ಯಾರದು ಎಂಬುದನ್ನಾದರೂ ಈ ಕಾಗದದಲ್ಲಿ ಬಗೆಹರಿಸಿಬಿಡೋಣ. ನಿಮ್ಮ ಚೀಟಿ ನನ್ನ ಹತ್ತಿರ ಇನ್ನೂ ಇದೆ. ನಲವತ್ತೆಂಟರ ಆಷಾಢದಲ್ಲಿ ನಿಮ್ಮ ಹಿಂದಿನ ಗಾಲಿ ಹಳ್ಳದ ಕಲ್ಲಿಗೆ ಬಡಿದು ಎಂಟರ ಅಂಕಿಯಂತೆ ತಿರುಚಿತ್ತು. ಎರಡನ್ನೂ ಬಿಚ್ಚಿ ನಾಗಣ್ಣನ ಬಂಡಿಯಲ್ಲಿ ಕಳಿಸಿದಿರಿ. ಹಳೆಯದನ್ನೇ ಕಟ್ಟಲೋ, ಹೊಸದು ಹಾಕಲೋ ಎಂದು ನಾನು ಹೇಳಿ ಕಳಿಸಿದೆ. ಅದಕ್ಕೆ ಬಂದ ಜವಾಬು ಆ ಚೀಟಿ. ನಮ್ಮ ಮಾತು ಕನ್ನಡ, ನಮಗೆ ಬರುತ್ತಿದ್ದ ಅಕ್ಷರ ಉರ್ದು. ಹಾಗಾಗಿ ನಾವು ಕನ್ನಡವನ್ನು ಉರ್ದು ಲಿಪಿಯಲ್ಲೇ ಬರೆದುಕೊಳ್ಳುತ್ತಿದ್ದೆವು. ನೀವು ಬರೆದದ್ದು ಎರಡೇ ಸಾಲು. ಪಂಚಮಿಗೆ ನಿನ್ನ ಅಕ್ಕನ್ನ ಕರಕೊಂಡು ಬಂದಾಗ ಒಯ್ತೀನಿ ಎಂಬುದು ಎರಡನೆಯದು. ಮೊದಲನೆಯದರಲ್ಲೇ ಇರುವುದು ತಕರಾರು. ಹಳೇ ಗಾಲಿ, ಅದರ ಮುಂದೆ ಕ ಎನ್ನುವ ಒಂದು ಕಾಫ್, ಟ ಎನ್ನುವ ಒಂದು ಟೇ, ಆಮೇಲೆ ಬಿಡು.

ಕಾಫಿನ ಮೇಲೆ ಜಬರ್ ಎಂಬ ಒಂದು ಸಣ್ಣ ಗೀಟು ಹಾಕಿದ್ದರೆ ಅದು ಕಟ್ ಬಿಡು. ಪೇಶ್ ಎಂಬ ಕೊಂಕು ಹಾಕಿದ್ದರೆ ಕೊಟ್ ಬಿಡು. ಕೆಳಗೆ ಜೇರ್ ಹಾಕಿದ್ದರೆ ಕೆಟ್, ಅಂದರೆ ಕೆಟ್ಟೇ ಹೋಯಿತು. ಏನನ್ನೂ ಹಾಕದಿದ್ದರೆ ಓದುವವನ ಮರ್ಜಿ. ನಾಲ್ಕೂರಿನ ಹುಡುಗರಿಗೆ ಅಕ್ಷರ ಕಲಿಸುವ ಮಾಸ್ತರರಿಗೆ ಒಂದು ಗೀಟು ಹಾಕಲು ಕೈ ನೋಯುತ್ತಿತ್ತೇ? ಮಾತಾಡುವಾಗ ನುಂಗುವ ಹಾಗೆ ಬರೆಯುವಾಗಲೂ ನುಂಗಿದಿರಿ. ಕಟ್ಟಬೇಕಾದದ್ದನ್ನು ನಾನು ಕೊಟ್ಟೆ. ಇದರಲ್ಲಿ ನನ್ನ ತಪ್ಪು ಎಷ್ಟು, ನೀವೇ ಹೇಳಿ.

ನಿನ್ನೆ ಇಲ್ಲಿಗೆ ನಿಲ್ಲಿಸಿದ್ದೆ.

ಇವತ್ತು ಬೆಳಿಗ್ಗೆ ಲಲಿತಾ ತಪ್ಪು ತಿದ್ದಲು ಈ ಹಾಳೆಗಳನ್ನು ತೆಗೆದುಕೊಂಡು ಅಂಗಡಿಯ ಕಟ್ಟೆಗೆ ಬಂದು ಕುಳಿತಳು. ನಿಮ್ಮ ಹಿಂದಿನ ಗಾಲಿ ಅಲ್ಲೇ ಗೋಡೆಗೆ ಒರಗಿತ್ತು. ಓದುತ್ತ ಓದುತ್ತ ಅವಳ ಕೈ ಗಾಲಿಯ ಕಡ್ಡಿಗಳ ಮೇಲೆ ಆಡುತ್ತಿತ್ತು. ಕಡ್ಡಿಗೆ ಕಡ್ಡಿ ಅಡ್ಡಹಾಯುವ ಜಾಗದಲ್ಲಿ ಬೆರಳು ನಿಂತಿತು.

"ಇದೇನ್ರಿ, ತಂತಿ?" ಎಂದಳು.

ತಾಮ್ರದ ತಂತಿ, ಭಾರ ಹೊರುವ ಗಾಲಿಗೆ ಕಡ್ಡಿಗಳು ಒಂದಕ್ಕೊಂದು ಆಸರೆಯಾಗಲೆಂದು ಹಾಗೆ ಸುತ್ತಿ ಕಟ್ಟುತ್ತೇವೆ ಎಂದೆ.

"ಮದಿವ್ಯಾಗ ಕಟ್ಟಿದ್ದೇನು?"

ಇಲ್ಲ, ಆಗ ನನಗೆ ಈ ಕೆಲಸ ಗೊತ್ತಿರಲಿಲ್ಲ ಎಂದೆ. ಅಂದ ಮೇಲೆ ನಾಲಿಗೆ ಕಚ್ಚಿಕೊಂಡೆ. ಅವಳು ಹಾಳೆಯನ್ನು ಮಡಿಲಲ್ಲಿಟ್ಟುಕೊಂಡು ನನ್ನ ಮುಖ ನೋಡಿದಳು. "ಮತ್ತ ಕೊಡೋ ಗಾಲಿಗಿ ಯಾಕ ಕಟ್ಟಿದ್ರಿ?" ಎಂದಳು.

ಐದು ವರ್ಷದಲ್ಲಿ ಒಬ್ಬರೂ ಕೇಳದ ಪ್ರಶ್ನೆ ಅದು. ನೀವೂ ಕೇಳುವಂತಿರಲಿಲ್ಲ, ಗಾಲಿ ನಿಮ್ಮ ಕಣ್ಣಿಗೇ ಬಿದ್ದಿರಲಿಲ್ಲ. ಮೇಲಿನ ಹಾಳೆಗಳನ್ನು ಹರಿಯುತ್ತೇನೆಂದೆ. ಅವಳು ಕೊಡಲಿಲ್ಲ. "ಇರ್ಲಿ ಬಿಡ್ರಿ. ಅಣ್ಣಾರು ಅದನ್ನೂ ಓದ್ಲಿ" ಎಂದಳು. ಆದ್ದರಿಂದ ಮೇಲೆ ಬರೆದ ಸುಳ್ಳು ಮೇಲೆಯೇ ಇದೆ. ಇನ್ನು ಕೆಳಗೆ ಬರೆಯುವುದು ನಿಜ.

ನಿಮ್ಮ ಚೀಟಿಯನ್ನು ನಾನು ಸರಿಯಾಗಿಯೇ ಓದಿದ್ದೆ, ಭಾವ. ಕಟ್ ಬಿಡು ಎಂದೇ ಓದಿದ್ದೆ. ನಿಮ್ಮ ಕೈಬರಹ ನನಗೆ ಹೊಸದೇ? ಸಾಲಿಯಲ್ಲಿ ನನಗಿಂತ ಎರಡು ಇಯತ್ತೆ ಮುಂದಿದ್ದ ನೀವು ಬರೆದ ಪಾಠ ನೋಡಿಯೇ ನಾನು ಪಾಸಾದವನು. ನೀವು ಜಬರ್ ಯಾವತ್ತೂ ಹಾಕಿದವರಲ್ಲ, ನಾನು ತಪ್ಪಿ ಓದಿದವನೂ ಅಲ್ಲ. ಚೀಟಿ ಬಂದ ಮೂರನೆಯ ದಿನವೇ ಎರಡು ಗಾಲಿಗಳನ್ನೂ ಬಿಚ್ಚಿ ಹೊಸ ಕಡ್ಡಿ ಹಾಕಿ ಕಟ್ಟಿದೆ. ಹಿಂದಿನ ಗಾಲಿಗೆ ಇಪ್ಪತ್ತು ಕಡೆ ತಾಮ್ರದ ತಂತಿ ಸುತ್ತಿದೆ. ಅಕ್ಕ ಹಿಂದೆ ಕೂಡುತ್ತಾಳೆ, ದಾರಿ ಕೆಟ್ಟದ್ದು, ಆಗ ಅವಳು ಬಸುರಿಯೂ ಆಗಿದ್ದಳು. ಯಾರೂ ಹೇಳದೆ, ಯಾರಿಗೂ ಹೇಳದೆ ಮಾಡಿದ ಕೆಲಸ. ಪಂಚಮಿಗೆ ಬಂದಾಗ ನೀವೇ ನೋಡಿ ಕೇಳುತ್ತೀರಿ, ಆಗ ಸ್ವಲ್ಪ ಜಂಬ ಕೊಚ್ಚಬೇಕು ಎಂದುಕೊಂಡಿದ್ದೆ. ಗಲಾಟೆಯಿಂದ ನೀವು ಬರಲಿಲ್ಲ. ಗಾಲಿಗಳು ಅಂಗಡಿಯ ಮೊಳೆಗೆ ನೇತಾಡುತ್ತ ಉಳಿದವು.

ಆ ವರ್ಷ ಮೊದಲು ಒಬ್ಬರು ಹೆದರಿ ಓಡಿದರು, ಆಮೇಲೆ ಇನ್ನೊಬ್ಬರು ಹೆದರಿ ಓಡಿದರು. ಬೇಸಿಗೆಯಲ್ಲಿ ನಿಮ್ಮೂರಿಗೆ ನುಗ್ಗಿದ ನಿಜಾಮರ ಕಡೆಯ ಲಾಠಿಯವರು ನಿಮ್ಮ ತಮ್ಮನ ಕೈ ಮುರಿದಿದ್ದರು. ಸಪ್ಟೆಂಬರದಲ್ಲಿ ಭಾರತದ ಫೌಜು ಬಂತು, ಐದು ದಿನದಲ್ಲಿ ಎಲ್ಲ ಮುಗಿಯಿತು ಎಂದರು. ಆದರೆ ನಮ್ಮ ಓಣಿಯಲ್ಲಿ ಅರ್ಧ ಬಾಗಿಲು ತೆರೆಯಲೇ ಇಲ್ಲ. ಅಂಥ ಒಂದು ಬೆಳಿಗ್ಗೆ ಚಾಂದಪಾಶಾ ಬರಿಯ ಸೈಕಲ್ ಚೌಕಟ್ಟನ್ನು ಹೆಗಲ ಮೇಲೆ ಹೊತ್ತುಕೊಂಡು ಬಂದ. ಅವನ ಗಾಲಿಗಳನ್ನು ಯಾರೋ ಬಿಚ್ಚಿಕೊಂಡು ಹೋಗಿದ್ದರು. ಹಿಂದೆ ನೂರಜಹಾನ್ ನಿಂತಿದ್ದಳು, ಸೊಂಟದಲ್ಲಿ ಐದು ತಿಂಗಳ ನಜ್ಮಾ. ಶಹಾಬಾದಿನಲ್ಲಿ ಹೆಂಡತಿಯ ಅಣ್ಣನ ಮನೆಗೆ ಸೇರಿಕೊಳ್ಳಬೇಕು, ರೈಲಿಲ್ಲ, ಬಸ್ಸಿಲ್ಲ. "ಸಾಯಬಣ್ಣ, ಒಂದು ಜೋಡಿ ಗಾಲಿ ಕೊಡೋ ಭಾಯಿ. ವಾಪಸ್ ತಂದು ಕೊಡ್ತೀನಿ" ಎಂದ.

ಅಂಗಡಿಯಲ್ಲಿ ಇದ್ದದ್ದು ನಿಮ್ಮದೊಂದೇ ಜೋಡಿ. ಇವು ನಮ್ಮ ಭಾವನವರವು ಎಂದು ಬಾಯಿತಪ್ಪಿ ಅಂದೆ. ಅವನು ಕೂಡಲೇ ಚೌಕಟ್ಟನ್ನು ಮತ್ತೆ ಹೆಗಲಿಗೇರಿಸಿದ. "ಮಾಸ್ತರ್‌ದಾ? ಅವರ ಕೇಳಲಾರ್ದ ಬ್ಯಾಡ" ಎಂದು ಹೊರಟೇ ಬಿಟ್ಟ. ನಿಮ್ಮ ಮದುವೆಯ ಅಂಗಿ ಹೊಲಿದವನು ಅವನು, ನಿಮ್ಮ ಮೇಲೆ ಅವನಿಗೆ ಮರ್ಯಾದೆ ಹೆಚ್ಚು. ಆಗ ನನಗೆ ಏನು ತೋಚಿತೋ, ಗಲ್ಲಾಪೆಟ್ಟಿಗೆಯಿಂದ ನಿಮ್ಮ ಚೀಟಿ ತೆಗೆದೆ. ನೋಡು, ಅವರೇ ಬರೆದಿದ್ದಾರೆ, ಹಳೇ ಗಾಲಿ ಕೊಟ್ ಬಿಡು ಅಂತ, ಎಂದೆ. ಅವನು ಚೀಟಿ ಕೈಗೆ ತೆಗೆದುಕೊಂಡು ತಾನೇ ಓದಿದ. ಕಾಫ್, ಟೇ. ಅವನಿಗೂ ಅದು ಕೊಟ್ ಎಂದೇ ಕಂಡಿತು. ಚೀಟಿಯನ್ನು ಕಣ್ಣಿಗೆ ಒತ್ತಿಕೊಂಡು ನನಗೆ ವಾಪಸು ಕೊಟ್ಟ. ನಾನು ಗಾಲಿ ಜೋಡಿಸಿದೆ. ಅಕ್ಕನಿಗೆಂದು ತಂತಿ ಕಟ್ಟಿದ ಗಾಲಿಯ ಮೇಲೆ ನೂರಜಹಾನ್ ಕೂಸನ್ನು ಅವುಚಿಕೊಂಡು ಕುಳಿತಳು. ಅವರು ಓಣಿ ದಾಟುವ ತನಕ ನಾನು ನೋಡಿದೆ.

ಆ ಸುಳ್ಳಿಗೆ ನಾನು ಇವತ್ತಿಗೂ ಪಶ್ಚಾತ್ತಾಪ ಪಡುವುದಿಲ್ಲ. ನೀವು ಎಷ್ಟು ಸಿಟ್ಟಾದರೂ ಪಡುವುದಿಲ್ಲ.

ಎರಡನೆಯ ಸುಳ್ಳೇ ಬೇರೆ. ದಸರೆಯ ಹೊತ್ತಿಗೆ ನೀವು ಇಪ್ಪತ್ತೆರಡು ಮೈಲಿ ನಡೆದುಕೊಂಡು ಬಂದಿರಿ. ಕಾಲಲ್ಲಿ ಧೂಳು, ಕೈಯಲ್ಲಿ ಅವ್ವನಿಗೆಂದು ಕೆಂಪು ಬಾಳೆಯ ಗೊನೆ. ಗಾಲಿ ಎಲ್ಲಿ ಎಂದಿರಿ. ಆಗಲೇ ನಿಜ ಹೇಳಬಹುದಿತ್ತು. ನಿಮ್ಮ ತಮ್ಮನ ಕೈ ಇನ್ನೂ ನೆಟ್ಟಗಾಗಿರಲಿಲ್ಲ. ನಿಮ್ಮ ಗಾಲಿಯನ್ನು ಬೇಕೆಂದೇ ಚಾಂದಪಾಶಾನಿಗೆ ಕೊಟ್ಟೆ ಎಂದರೆ ನೀವು ಏನು ಮಾಡುತ್ತೀರೋ ಎಂದು ಹೆದರಿದೆ. ಅಂಗಡಿಯ ತುಂಬ ಜನ. ಒಮ್ಮೆ ನಡೆದ ನಾಣ್ಯ ಇನ್ನೊಮ್ಮೆಯೂ ನಡೆಯುತ್ತದೆಂದು ಅದೇ ಚೀಟಿ ತೆಗೆದೆ. ನೀವೇ ಕೊಟ್ ಬಿಡು ಅಂತ ಬರೆದಿದ್ದೀರಲ್ಲ ಎಂದೆ. "ನಾ ಕಟ್ ಅಂತ ಬರದೀನಿ, ಸಾಯಬಣ್ಣ" ಎಂದಿರಿ, ಬಹಳ ಮೆತ್ತಗೆ. ನಾನು ಚೀಟಿಯನ್ನು ನಾಲ್ಕು ಜನಕ್ಕೆ ತೋರಿಸಿದೆ. ಒಬ್ಬ ಕಟ್ ಎಂದ, ಒಬ್ಬ ಕೊಟ್ ಎಂದ, ಒಬ್ಬ ಕೆಟ್ ಎಂದು ನಕ್ಕ. ಎಲ್ಲರೂ ನಕ್ಕರು. ನಾನೂ ನಕ್ಕೆ. ನೀವು ಆ ಗೊನೆಯನ್ನು ಕಟ್ಟೆಯ ಮೇಲಿಟ್ಟು, ಅಕ್ಕನ ವಿಷಯದ ಆ ಮಾತು ಆಡಿ, ನೀರೂ ಕುಡಿಯದೆ, ಬಂದ ದಾರಿಯಲ್ಲೇ ನಡೆದುಹೋದಿರಿ.

ಮಾತು ನಿಮಗಿಂತ ಮೊದಲು ಕಮಲಾಪುರ ಮುಟ್ಟಿತು. ಮರುವರ್ಷ ಸಾಲಿಗಳಲ್ಲಿ ಕನ್ನಡ ಬಂತು, ನೀವು ನಿಮ್ಮ ಹುಡುಗರ ಜೊತೆಗೇ ಕುಳಿತು ಅಕ್ಷರ ತಿದ್ದಿದಿರಿ ಎಂದು ಕೇಳಿದ್ದೇನೆ. ಆ ಹುಡುಗರು ಬೆನ್ನ ಹಿಂದೆ ನಿಮ್ಮನ್ನು ಕಟ್‌ಕೊಟ್ ಮಾಸ್ತರ್ ಎನ್ನುತ್ತಾರಂತೆ. ನಾಗಣ್ಣ ಅದನ್ನು ನಗುತ್ತಲೇ ಹೇಳಿದ. ಬರೆಯುವುದೇ ಬದುಕಾದ ಮನುಷ್ಯನಿಗೆ ಬರೆಯಲು ಬಾರದೆಂಬ ಹೆಸರು ಹಚ್ಚಿದವನು ನಾನು. ಗಾಲಿ ಹೋದದ್ದಕ್ಕೆ ನೀವು ಅಷ್ಟು ಸಿಟ್ಟಾಗಿಲ್ಲ, ಇದಕ್ಕೆ ಆಗಿದ್ದೀರಿ ಎಂದು ನನಗೆ ಮೊದಲಿನಿಂದ ಗೊತ್ತಿತ್ತು. ಗೊತ್ತಿದ್ದೂ ನಾಲ್ಕು ಕಾಗದದಲ್ಲಿ ಜಬರಿನ ಮೇಲೆ ವಾದ ಮಾಡಿದೆ. ಆ ಕಾಗದಗಳು ಒಲೆಗೆ ಹೋದದ್ದೇ ಒಳ್ಳೆಯದಾಯಿತು.

ಇನ್ನೊಂದು ಮಾತು ಉಳಿದಿದೆ, ಅದು ಜಹಾಂಗೀರ್ ಹೇಳಿದ್ದು. ಚಾಂದಪಾಶಾ ಈಗ ಶಹಾಬಾದಿನಲ್ಲಿ ಸಣ್ಣ ಅಂಗಡಿ ಹಾಕಿದ್ದಾನೆ, ಬೇರೆ ಸೈಕಲ್ ಕೊಂಡಿದ್ದಾನೆ. ವಾಪಸು ಕೊಡುತ್ತೇನೆ ಎಂದ ಮಾತು ಉಳಿಯಲೆಂದು ಗಾಲಿ ಕಳಿಸಿದ್ದಾನೆ. "ಹೊಸಾವು ಹಾಕೋದಾದ್ರ ಖರ್ಚ ಅವನು ಕೊಡ್ತಾನ. ಇವನ್ನೇ ಕಟ್ಟೋದಾದ್ರ ನಿಮ್ಮ ಮರ್ಜಿ. ಬಿಸಾಡಬ್ಯಾಡ್ರಿ ಅಂದಾನ" ಎಂದ ಜಹಾಂಗೀರ್. ಅವರ ಮನೆಯಲ್ಲಿ ನಿಮಗೂ ಒಂದು ಹೆಸರಿದೆಯಂತೆ. ನಜ್ಮಾಗೆ ಈಗ ಐದು ವರ್ಷ. ಮನೆಗೆ ಬಂದವರಿಗೆಲ್ಲ ಅವಳು ಈ ಗಾಲಿಗಳನ್ನು ತೋರಿಸಿ, ಇವು ಕೊಟ್ಟ ಮಾಸ್ತರ್‌ದು ಎನ್ನುತ್ತಾಳಂತೆ. ನಿಮ್ಮನ್ನು ನೋಡಿಲ್ಲ, ನಿಮ್ಮ ಊರು ಯಾವ ದಿಕ್ಕಿಗಿದೆಯೋ ಗೊತ್ತಿಲ್ಲ. ಒಂದು ಊರಿನ ಹುಡುಗರು ನಿಮ್ಮನ್ನು ಕೊಟ್ ಎಂದು ನಗುತ್ತಿದ್ದ ಐದು ವರ್ಷವೂ ಇನ್ನೊಂದು ಊರಿನಲ್ಲಿ ಒಂದು ಮನೆ ಅದೇ ಮಾತನ್ನು ಬೇರೆ ಅರ್ಥದಲ್ಲಿ ಹೇಳುತ್ತಿತ್ತು. ನಿಮಗೆ ಸೇರಬೇಕಾದ ಈ ಹೆಸರನ್ನೂ ನನ್ನ ಸುಳ್ಳೇ ತಡೆದು ಇಟ್ಟಿತ್ತು.

ಈಗ ಗಾಲಿಯ ತೀರ್ಮಾನ. ಹೊಸ ಜೋಡಿ ಕಳಿಸಿದರೆ ನನ್ನ ಸುಳ್ಳು ಗುಜರಿಯವನ ಜೊತೆ ಹೋಗುತ್ತದೆ, ಅಕ್ಕ ಪಂಚಮಿಗೆ ಬರುತ್ತಾಳೆ, ನೀವು ಕಟ್‌ಕೊಟ್ ಮಾಸ್ತರ್ ಆಗಿಯೇ ಉಳಿಯುತ್ತೀರಿ. ಹಳೆಯದನ್ನು ಕಟ್ಟಿ ಕಳಿಸಿದರೆ ಈ ಕಾಗದವೂ ಜೊತೆಗೆ ಹೋಗಲೇಬೇಕು, ಆಗ ಅಕ್ಕ ಬಂದರೂ ಬಂದಾಳು, ಇನ್ನು ಎಂದೂ ಬಾರದೆಯೂ ಇದ್ದಾಳು. ಲಲಿತಾಳನ್ನು ಕೇಳಿದೆ. "ನನ್ನ ಯಾಕ ಕೇಳ್ತೀರಿ? ಪಾನಾ ನಿಮ್ಮ ಕೈಯಾಗ ಅದ" ಎಂದು ಒಳಗೆ ಹೋದಳು. ಅವ್ವನನ್ನು ಕೇಳುವ ಧೈರ್ಯ ಬರಲಿಲ್ಲ.

ಮಧ್ಯಾಹ್ನ ಅಂಗಡಿಯ ಬಾಗಿಲು ಹಾಕಿಕೊಂಡು ಕುಳಿತೆ. ಹಿಂದಿನ ಗಾಲಿಯನ್ನು ಬಿಚ್ಚಬೇಕಾದರೆ ಮೊದಲು ಆ ತಂತಿಗಳನ್ನೇ ಕತ್ತರಿಸಬೇಕು. ಒಂದೊಂದನ್ನೂ ಕತ್ತರಿಸಿದೆ. ಇಪ್ಪತ್ತರಲ್ಲಿ ಹದಿನೇಳು ಉಳಿದಿದ್ದವು. ಹದಿನೇಳೂ ಬಿಗಿಯಾಗಿದ್ದವು. ರಿಮ್ಮನ್ನು ಮರದ ಸುತ್ತಿಗೆಯಿಂದ ಬಡಿದು ಎಬ್ಬಿಸಿದೆ. ಮೂರು ಸಲ ಮಾತು ಕೇಳಲಿಲ್ಲ, ನಾಲ್ಕನೆಯ ಸಲ ಬಂತು. ನಲವತ್ತು ಹೊಸ ಕಡ್ಡಿ ಪೋಣಿಸಿದೆ. ಮುಂದಿನದರ ರಿಮ್ಮು ಉಳಿಯಲಿಲ್ಲ, ಬೇರೆ ಹಾಕಿದ್ದೇನೆ. ಹಬ್ಬು ಎರಡೂ ನಿಮ್ಮವೇ, ಅಪ್ಪ ಕೊಟ್ಟವು. ಇನ್ನೂ ಒಂದು ಕಡೆ ಕೂದಲೆಳೆಯಷ್ಟು ವಾಲುತ್ತದೆ, ಅದಕ್ಕೆ ನನಗೆ ಬಹಳ ಸಿಟ್ಟಿದೆ. ನಾಳೆ ಮತ್ತೆ ಕೂಡುತ್ತೇನೆ. ಆಮೇಲೆ ಇಪ್ಪತ್ತು ಕಡೆ ಹೊಸ ತಂತಿ ಕಟ್ಟುತ್ತೇನೆ.

ಗಾಲಿಯ ಜೊತೆ ಒಂದು ಅಂಗಿಯ ಗಂಟಿದೆ. ಚಾಂದಪಾಶಾ ನಿಮಗೆಂದು ಹೊಲಿದು ಕಳಿಸಿದ್ದು. ಮದುವೆಯ ಅಳತೆ ಅವನಿಗೆ ಇನ್ನೂ ನೆನಪಿದೆಯಂತೆ. ಈಗ ನಿಮಗೆ ಹೊಟ್ಟೆ ಬಂದಿದ್ದರೆ ತೊಡಲಿಕ್ಕಾಗದು, ಅದಕ್ಕೆ ನನ್ನನ್ನು ಬೈಯಬೇಡಿ. ಕತ್ತರಿಸಿದ ಹದಿನೇಳು ತಂತಿಯ ತುಂಡುಗಳನ್ನು ಈ ಲಕೋಟೆಯಲ್ಲೇ ಹಾಕಿದ್ದೇನೆ. ಕೊಡಬೇಕಾದ ಗಾಲಿಗೆ ಯಾವನೂ ಇಷ್ಟು ಕಷ್ಟಪಟ್ಟು ತಂತಿ ಸುತ್ತುವುದಿಲ್ಲ, ಯಾರಿಗೆ ಬೇಕಾದರೂ ತೋರಿಸಿ. ನಿಮ್ಮ ಚೀಟಿಯೂ ಅದರಲ್ಲಿದೆ. ಕಾಫಿನ ಮೇಲೆ ಕೆಂಪು ಮಸಿಯಲ್ಲಿ ಒಂದು ಜಬರ್ ಹಾಕಿದ್ದೇನೆ. ಐದು ವರ್ಷ ತಡವಾಯಿತು.

ನಾಗಣ್ಣನ ಕೈಯಲ್ಲಿ ಕಳಿಸಿ ಇಲ್ಲೇ ಕೂಡುವುದಿಲ್ಲ. ಬಂಡಿಯಲ್ಲಿ ನಾನೂ ಬರುತ್ತೇನೆ. ಈ ಕಾಗದ ನಿಮಗೆ ಟಪಾಲಿನಲ್ಲಿ ಮೊದಲು ಮುಟ್ಟಲಿ, ಬೈಯಲು ನಿಮಗೆ ಸಮಯ ಸಿಗಲಿ. ಮಂಗಳವಾರ ಸಾಲಿ ಬಿಡುವ ಮೊದಲು ಬಾಗಿಲಲ್ಲಿ ನಿಂತಿರುತ್ತೇನೆ. ನಿಮ್ಮ ಹುಡುಗರ ಮುಂದೆ ಆ ಚೀಟಿಯನ್ನು ನನ್ನ ಕೈಗೆ ಕೊಡಿ. ಜೋರಾಗಿ, ಸರಿಯಾಗಿ ಓದಿ ತೋರಿಸುತ್ತೇನೆ. ಆಮೇಲೆ ಅಕ್ಕನನ್ನು ಕಳಿಸುವುದು ಬಿಡುವುದು ನಿಮಗೆ ಬಿಟ್ಟದ್ದು. ಕಳಿಸದಿದ್ದರೂ ಗಾಲಿಗಳನ್ನು ವಾಪಸು ತರುವುದಿಲ್ಲ. ಅವ್ವ ಮಾತ್ರ ನಿನ್ನೆಯೇ ಎಳ್ಳು ಆರಿಸಲು ಕುಳಿತಿದ್ದಾಳೆ, ನಾನು ಏನೂ ಹೇಳಿಲ್ಲ.

ಲಲಿತಾ ಕೊನೆಯ ಸಲ ತಪ್ಪು ನೋಡುತ್ತಿದ್ದಾಳೆ. ಉರ್ದುವಿನ ಜಬರಿಗೆ ಕನ್ನಡದಲ್ಲಿ ತಲಕಟ್ಟು ಎನ್ನುತ್ತಾರಂತೆ. ಇಲ್ಲಿ ಅದನ್ನು ಹಾಕದೆ ಅಕ್ಷರವೇ ಮುಗಿಯುವುದಿಲ್ಲ. ನಮ್ಮಂಥವರಿಗೆ ಇದೇ ಸರಿ.

ಅಕ್ಕನಿಗೆ ನನ್ನ ಶರಣಾರ್ಥಿ ಹೇಳಿ. ಮಕ್ಕಳಿಗೆ ಸೋದರಮಾವನ ಆಶೀರ್ವಾದ, ಅವರ ಅಕ್ಷರ ದುಂಡಗಾಗಲಿ. ನನಗೆ ನಿಮ್ಮ ಆಶೀರ್ವಾದ ಕೇಳುವ ಮುಖವಿಲ್ಲ, ಕೊಟ್ಟರೆ ಬೇಡವೆನ್ನುವುದಿಲ್ಲ.

ನಿಮ್ಮ ಹೆಂಡತಿಯ ತಮ್ಮ,
ಸಾಯಬಣ್ಣ

ಹಳೇ ಗಾಲಿ ಕಟ್ಟಿದ್ದೇನೆ. ಕಕಾರಕ್ಕೆ ತಲಕಟ್ಟು, ಟಕಾರಕ್ಕೆ ಒತ್ತು, ಎರಡನ್ನೂ ಹಾಕಿದ್ದೇನೆ. ಈ ಸಲ ಬೇರೆ ಥರ ಓದಲು ಬರುವುದಿಲ್ಲ, ಭಾವ.